ಗೇಮ್ ಆಡುವಾಗ ಪಿಸಿ ಪಟ್ ಅಂತ ಆಫ್ ಆಗುತ್ತಿದೆಯಾ? ಮದರ್‌ಬೋರ್ಡ್ ಬದಲಿಸುವ ಮೊದಲು ಇಷ್ಟು ನೋಡಿ

ನಿಮ್ಮ ಪ್ರಶ್ನೆ ಓದಿದೆ. ರೈಜನ್ 5 5600 ಪ್ರೊಸೆಸರ್, ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡ ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್, ಹಳೆ ಪಿಸಿಯಲ್ಲಿದ್ದ 550 ವ್ಯಾಟ್ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ), 600 ವಿಎ ಯುಪಿಎಸ್. ಸಿನಿಮಾ ನೋಡುವಾಗ, ಕಾಲೇಜಿನ ಕೆಲಸ ಮಾಡುವಾಗ ಏನೂ ತೊಂದರೆ ಇಲ್ಲ. ಗೇಮ್ ಹಾಕಿದ ಸ್ವಲ್ಪ ಹೊತ್ತಿಗೆ, ಅದೂ ಸಂಜೆ ಹೊತ್ತು ಜಾಸ್ತಿ, ಪಟ್ ಅಂತ ಆಫ್. ಬ್ಲೂ ಸ್ಕ್ರೀನ್ ಬರುವುದಿಲ್ಲ, ಎರರ್ ಬರುವುದಿಲ್ಲ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಅಂದಿದ್ದಾರೆ. ಬದಲಿಸಲಾ ಎಂದು ಕೇಳಿದ್ದೀರಿ.

ಬೇಡ, ಈಗಲೇ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ಮದರ್‌ಬೋರ್ಡ್ ಮೇಲೆ ಅನುಮಾನ ಬರುವುದು ಕಟ್ಟಕಡೆಗೆ. ಗೋಡೆಯ ಸಾಕೆಟ್‌ನಿಂದ ಹೊರಟು ಗ್ರಾಫಿಕ್ಸ್ ಕಾರ್ಡ್ ಸೇರುವವರೆಗೆ ಕರೆಂಟ್ ಬರುವ ದಾರಿ ಇದೆಯಲ್ಲ, ಮೊದಲು ಆ ದಾರಿಯನ್ನು ನೋಡಬೇಕು. ಇಲ್ಲಿ ಕೊಡುವ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಮುಂದಿನ ಸಲ ಆಫ್ ಆದಾಗ ಗಾಬರಿಯಾಗಿ ತಕ್ಷಣ ಪವರ್ ಬಟನ್ ಒತ್ತಬೇಡಿ. ಒಂದು ನಿಮಿಷ ಸುಮ್ಮನೆ ನೋಡಿ. ಮಾನಿಟರ್‌ನ ಲೈಟ್ ಉರಿಯುತ್ತಿದೆಯಾ, ಅಥವಾ ಅದೂ ಸತ್ತಿದೆಯಾ? ನಿಮ್ಮ ಮಾನಿಟರ್ ಕೂಡ ಅದೇ ಯುಪಿಎಸ್‌ನಲ್ಲಿದೆ ಎಂದು ಬರೆದಿದ್ದೀರಿ. ಎರಡೂ ಒಟ್ಟಿಗೆ ಹೋದರೆ ತೊಂದರೆ ಕ್ಯಾಬಿನೆಟ್‌ನ ಹೊರಗಿದೆ: ಯುಪಿಎಸ್, ಎಕ್ಸ್‌ಟೆನ್ಷನ್ ಬೋರ್ಡ್ ಅಥವಾ ಸಾಕೆಟ್. ಮಾನಿಟರ್ ಮಾತ್ರ ಬದುಕಿದ್ದು 'ನೋ ಸಿಗ್ನಲ್' ಅಂದರೆ ತೊಂದರೆ ಕ್ಯಾಬಿನೆಟ್‌ನ ಒಳಗಿದೆ.

ಒಳಗಿದ್ದರೆ ಇನ್ನೊಂದು ಗುರುತು ಇದೆ. ಮದರ್‌ಬೋರ್ಡ್ ಮೇಲಿನ ಪುಟ್ಟ ಲೈಟ್ ಅಥವಾ ಕೀಬೋರ್ಡ್ ಲೈಟ್ ಹಾಗೇ ಉರಿಯುತ್ತಿದ್ದು, ಪವರ್ ಬಟನ್ ಎಷ್ಟು ಒತ್ತಿದರೂ ಪಿಸಿ ಆನ್ ಆಗುವುದಿಲ್ಲ ಅಂದುಕೊಳ್ಳಿ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮಾತ್ರ ಆನ್ ಆಗುತ್ತದೆ. ಹಾಗಾದರೆ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ಟ್ರಿಪ್ ಆಗಿದೆ ಎಂದು ಅರ್ಥ. ಟ್ರಿಪ್ ಆದಮೇಲೂ ಅದರ 5 ವೋಲ್ಟ್ ಸ್ಟ್ಯಾಂಡ್‌ಬೈ ಸಾಲು ಬದುಕಿರುವುದರಿಂದ ಆ ಲೈಟ್‌ಗಳು ಉರಿಯುತ್ತಿರುತ್ತವೆ. ಇದೆಲ್ಲ ಬಿಟ್ಟು ಪಿಸಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ ಅದು ಬೇರೆಯೇ ಕಥೆ. ಅದನ್ನು ಆಮೇಲೆ ಹೇಳುತ್ತೇನೆ.

ನನಗೆ ಮೊದಲ ಅನುಮಾನ ನಿಮ್ಮ ಯುಪಿಎಸ್ ಮೇಲೆ. 600 ವಿಎ ಅಂದರೆ 600 ವ್ಯಾಟ್ ಅಲ್ಲ. ಮನೆಗೆ ತರುವ ಈ ಅಳತೆಯ ಯುಪಿಎಸ್‌ಗಳು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಹಿಂದಿನ ಲೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಒಮ್ಮೆ ನೋಡಿ. ಈಗ ನಿಮ್ಮ ಪಿಸಿಯ ಲೆಕ್ಕ ಹಾಕೋಣ. 3070 ಕಾರ್ಡ್ ಒಂದಕ್ಕೇ 220 ವ್ಯಾಟ್. ಪ್ರೊಸೆಸರ್‌ಗೆ 75ರ ಆಸುಪಾಸು. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 50 ಅಂತಿಟ್ಟುಕೊಳ್ಳಿ. ಒಟ್ಟು 345. ಎಸ್‌ಎಂಪಿಎಸ್ ಒಳಗೆ ಸ್ವಲ್ಪ ಶಾಖವಾಗಿ ಹೋಗುವುದರಿಂದ ಗೋಡೆಯಿಂದ ಎಳೆಯುವುದು ಸುಮಾರು 400. ಮಾನಿಟರ್ ಸೇರಿದರೆ ಇನ್ನೂ ಜಾಸ್ತಿ. 360ರ ಯುಪಿಎಸ್ ಇದನ್ನು ಹೊರಲು ಆಗುವುದಿಲ್ಲ.

ಹಾಗಾದರೆ ಹಗಲು ಹೇಗೆ ನಡೆಯುತ್ತದೆ ಅಂತೀರಾ? ಲೈನ್ ಚೆನ್ನಾಗಿದ್ದಾಗ ಈ ಯುಪಿಎಸ್‌ಗಳು ಗೋಡೆಯ ಕರೆಂಟನ್ನೇ ಆಚೆ ದಾಟಿಸುತ್ತವೆ. ಬ್ಯಾಟರಿಯ ಕೆಲಸವೇ ಬರುವುದಿಲ್ಲ. ಸಂಜೆ ಬೀದಿಯಲ್ಲಿ ಎಲ್ಲರ ಮನೆಯ ಲೋಡ್ ಏರಿ ವೋಲ್ಟೇಜ್ ಕುಸಿದಾಗ ಯುಪಿಎಸ್ 'ಟಕ್' ಎಂದು ಬ್ಯಾಟರಿಗೆ ಹೊರಳುತ್ತದೆ. ಆ ಕ್ಷಣ ನೀವು ಗೇಮ್‌ನಲ್ಲಿದ್ದರೆ ಓವರ್‌ಲೋಡ್ ಆಗಿ ಕೈಬಿಡುತ್ತದೆ. ಸಿನಿಮಾ ನೋಡುತ್ತಿದ್ದರೆ ಲೋಡ್ ಕಮ್ಮಿ, ಹಾಗಾಗಿ ನಿಮಗೆ ಗೊತ್ತೇ ಆಗುವುದಿಲ್ಲ. ಶಿವಮೊಗ್ಗದಲ್ಲಿ ನಮ್ಮ ಅಕ್ಕನ ಮಗನ ಪಿಸಿ ಇದೇ ರೀತಿ ಆಫ್ ಆಗುತ್ತಿತ್ತು. ಪಕ್ಕದಲ್ಲಿ ಕೂತು ನೋಡಿದೆ. ಕೆಳಗೆ ಯಾರೋ ಸಂಪ್‌ನ ಮೋಟಾರ್ ಹಾಕಿದರು. ಟ್ಯೂಬ್‌ಲೈಟ್ ಒಮ್ಮೆ ಮಂಕಾಯಿತು, ಯುಪಿಎಸ್ ಟಕ್ ಎಂದಿತು, ಪಿಸಿ ಮಾನಿಟರ್ ಎರಡೂ ಹೋದವು. ಅವನಿಗೂ ಅಂಗಡಿಯಲ್ಲಿ ಮದರ್‌ಬೋರ್ಡ್ ಅಂತಲೇ ಹೇಳಿದ್ದರು. ಅದೇ ಬೋರ್ಡ್ ಇವತ್ತಿಗೂ ಓಡುತ್ತಿದೆ.

ಪರೀಕ್ಷೆ ಸುಲಭ. ಕೆಲವು ದಿನ ಯುಪಿಎಸ್ ಪಕ್ಕಕ್ಕಿಟ್ಟು, ಪಿಸಿಯನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ ಆಡಿ. ಸಾಧ್ಯವಾದರೆ 16 ಆಂಪಿಯರ್‌ನ ದೊಡ್ಡ ಸಾಕೆಟ್ ಇರಲಿ. ಸಾಕೆಟ್ ಸಡಿಲವಾಗಿ ಪ್ಲಗ್ ಅಲ್ಲಾಡುತ್ತಿದ್ದರೆ ಅದನ್ನು ಮೊದಲು ಸರಿಮಾಡಿಸಿ. ಈ ದಿನಗಳಲ್ಲಿ ವಿಂಡೋಸ್ ಅಪ್‌ಡೇಟ್, ಬಯೋಸ್ (ಮದರ್‌ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಡಿ, ನಡುವೆ ಕರೆಂಟ್ ಹೋದರೆ ಕಷ್ಟ. ತೊಂದರೆ ನಿಂತರೆ ನಿಮಗೆ ಬೇಕಾದದ್ದು ದೊಡ್ಡ ಯುಪಿಎಸ್ ಅಷ್ಟೇ. 1100 ವಿಎ ಮಾದರಿಗಳಲ್ಲಿ 660 ವ್ಯಾಟ್‌ನವು ಸಿಗುತ್ತವೆ. ಕೊಳ್ಳುವಾಗ ವಿಎ ನೋಡಬೇಡಿ, ವ್ಯಾಟ್ ಎಷ್ಟು ಎಂದು ಕೇಳಿ.

ನೇರ ಸಾಕೆಟ್‌ನಲ್ಲೂ ಆಫ್ ಆದರೆ ಅನುಮಾನ ಎಸ್‌ಎಂಪಿಎಸ್ ಕಡೆಗೆ ತಿರುಗುತ್ತದೆ. ಪ್ಲಗ್ ಕಿತ್ತು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದರ ಲೇಬಲ್ ಓದಿ. ದೊಡ್ಡದಾಗಿ ಬರೆದ 550 ಬಿಡಿ, +12 ವೋಲ್ಟ್ ಎಂಬ ಕಾಲಂ ನೋಡಿ. ಅಲ್ಲಿರುವ ಆಂಪಿಯರ್ ಅನ್ನು 12ರಿಂದ ಗುಣಿಸಿ. ಒಳ್ಳೆಯ 550ರಲ್ಲಿ 45 ಆಂಪಿಯರ್ ಇದ್ದರೆ 540 ವ್ಯಾಟ್ ಆಯಿತು. ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಈ ಲೆಕ್ಕ ಹಾಕಿದರೆ ಅರ್ಧವೂ ಬರದಿರಬಹುದು. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಊಟ ಮಾಡುವುದು ಈ 12 ವೋಲ್ಟ್ ಸಾಲಿನಿಂದಲೇ, ಹಾಗಾಗಿ ಉಳಿದ ಅಂಕಿಗಳಿಂದ ನಿಮಗೆ ಪ್ರಯೋಜನವಿಲ್ಲ.

ಲೆಕ್ಕ ಸರಿ ಬಂದರೂ ಇನ್ನೊಂದು ಸಮಸ್ಯೆ ಇದೆ. ಆರ್‌ಟಿಎಕ್ಸ್ 30 ಸರಣಿಯ ಕಾರ್ಡ್‌ಗಳು ಸರಾಸರಿಯಲ್ಲಿ ಹೇಳಿದಷ್ಟೇ ಎಳೆದರೂ, ಮಿಲಿಸೆಕೆಂಡ್‌ಗಳ ಮಟ್ಟಿಗೆ ಅದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತವೆ. ಹಳೆಯ, ಸೋತ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದೇ ತಿಳಿದು ಟ್ರಿಪ್ ಆಗುತ್ತದೆ. ಈ ತೊಂದರೆ ಎಷ್ಟು ಜನರನ್ನು ಕಾಡಿತೆಂದರೆ, 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಎಸ್‌ಎಂಪಿಎಸ್ ತನ್ನ ರೇಟಿಂಗ್‌ನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಎಂದೇ ಬರೆದರು. 3070ಕ್ಕೆ ಎನ್‌ವಿಡಿಯಾ ಸ್ವತಃ ಹೇಳಿದ್ದು 650 ವ್ಯಾಟ್. ನಿಮ್ಮದು 550, ಅದೂ ಹಳೆಯದು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ, ಧೂಳು ತುಂಬಿದ ಫ್ಯಾನ್‌ನ ಹಿಂದೆ, ಅದರ ಕೆಪಾಸಿಟರ್‌ಗಳು ಬೇಗ ಸೊರಗುತ್ತವೆ.

ಇದನ್ನು ಖಚಿತ ಮಾಡಿಕೊಳ್ಳಲು ನನಗೆ ತುಂಬಾ ಇಷ್ಟದ ಪರೀಕ್ಷೆ ಒಂದಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ. ಅದರಲ್ಲಿ ಪವರ್ ಲಿಮಿಟ್ ಎಂಬ ಎಳೆಯುವ ಪಟ್ಟಿ ಇದೆ, ಅದನ್ನು ಶೇಕಡಾ 100ರಿಂದ 65ಕ್ಕೆ ಇಳಿಸಿ. ಗೇಮ್‌ನ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟನ್ನು (ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆ) 60ಕ್ಕೆ ಕಟ್ಟಿ. ಮೆನು ತೆರೆದಾಗಲೇ ಆಫ್ ಆಗುವವರು ಇದನ್ನು ಮಾಡಲೇಬೇಕು. ಮೆನುವಿನಲ್ಲಿ ಮಿತಿ ಇಲ್ಲದಿದ್ದರೆ ಕಾರ್ಡ್ ಸುಮ್ನೆ ನೂರಾರು ಫ್ರೇಮ್ ಬಿಡಿಸುತ್ತಾ ಪೂರ್ತಿ ದುಡಿಯುತ್ತಿರುತ್ತದೆ. ಹೀಗೆ ಮಾಡಿದ ಮೇಲೆ ಆಫ್ ಆಗುವುದು ನಿಂತರೆ ಕಾರಣ ಬಹುಪಾಲು ಸಿಕ್ಕಂತೆ: ಕಾರ್ಡ್ ಕೇಳುವಷ್ಟು ಕರೆಂಟ್ ಅದಕ್ಕೆ ತಲುಪುತ್ತಿಲ್ಲ. ಹೊಸ ಎಸ್‌ಎಂಪಿಎಸ್ ತರುವವರೆಗೆ ಹಾಗೇ ಆಡಿಕೊಂಡಿರಬಹುದು. ಗೇಮ್‌ನ ವೇಗ ಇಳಿಯುವುದು ನೀವು ಹೆದರಿದಷ್ಟು ಇರುವುದಿಲ್ಲ.

ಹೊಸದಕ್ಕೆ ಓಡುವ ಮೊದಲು ಕಾರ್ಡ್‌ಗೆ ಹೋಗುವ ಕೇಬಲ್ ನೋಡಿ. ನಿಮ್ಮ ಕಾರ್ಡ್‌ನಲ್ಲಿ ಎರಡು 8 ಪಿನ್ ಸಾಕೆಟ್ ಇವೆ ಎಂದಿದ್ದೀರಿ. ಒಂದೇ ಕೇಬಲ್‌ನ ತುದಿಯಲ್ಲಿರುವ ಎರಡು ತಲೆಗಳನ್ನು ಎರಡಕ್ಕೂ ಚುಚ್ಚಿದ್ದರೆ ಅದನ್ನು ತೆಗೆದು, ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೊಂದು 8 ಪಿನ್‌ನ ಮಿತಿ 150 ವ್ಯಾಟ್. ಕನೆಕ್ಟರ್ ಕಿತ್ತು ಟಾರ್ಚ್ ಬಿಟ್ಟು ನೋಡಿ. ಪಿನ್‌ಗಳ ಸುತ್ತಲಿನ ಪ್ಲಾಸ್ಟಿಕ್ ಕಂದು ತಿರುಗಿದೆಯಾ, ಒಂದು ಪಿನ್ ಒಳಗೆ ಸರಿದಿದೆಯಾ, ಸುಟ್ಟ ವಾಸನೆ ಇದೆಯಾ? ಮತ್ತೆ ಹಾಕುವಾಗ ಕೊಕ್ಕೆ ಕೂತ ಸದ್ದು ಕೇಳುವವರೆಗೆ ಒತ್ತಿ. ಪ್ರೊಸೆಸರ್ ಪಕ್ಕದ 8 ಪಿನ್‌ಗೂ ಇದೇ ಮಾತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗೆಳೆಯರಿಂದ ಎಸ್‌ಎಂಪಿಎಸ್ ತಂದು ಪರೀಕ್ಷೆ ಮಾಡುವುದಾದರೆ ಅದರ ಕೇಬಲ್‌ಗಳನ್ನೂ ಜೊತೆಗೇ ತನ್ನಿ. ಕಳಚಿ ಹಾಕುವ ಕೇಬಲ್‌ಗಳು ಒಂದು ಕಂಪನಿಯದು ಇನ್ನೊಂದಕ್ಕೆ ಕೂರಬಹುದು, ಆದರೆ ಒಳಗಿನ ತಂತಿಗಳ ಜೋಡಣೆ ಬೇರೆ ಇರುತ್ತದೆ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಸುಟ್ಟೇ ಹೋಗಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಬೇಡಿ, ಪ್ಲಗ್ ಕಿತ್ತಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಚಾರ್ಜ್ ಉಳಿದಿರುತ್ತದೆ.

ಇನ್ನು ಬಿಸಿ. ಹೆಚ್ಚಿನವರು ಮೊದಲು ಹೇಳುವುದು ಇದನ್ನೇ, ಆದರೆ ನಿಮ್ಮ ವಿಷಯದಲ್ಲಿ ಇದು ಎರಡನೇ ಸಾಲಿನ ಅನುಮಾನ. ಪ್ರೊಸೆಸರ್ ಆಗಲಿ ಕಾರ್ಡ್ ಆಗಲಿ, ಕಾದರೆ ಮೊದಲು ವೇಗ ಇಳಿಸಿಕೊಳ್ಳುತ್ತವೆ. ಗೇಮ್ ತಡವರಿಸುತ್ತದೆ, ಫ್ಯಾನ್ ಕೂಗುತ್ತದೆ. ಅಷ್ಟಕ್ಕೂ ತಡೆಯದಿದ್ದರೆ ಮಾತ್ರ ಆಫ್. ನಿಮಗೆ ಈ ಮುನ್ಸೂಚನೆ ಯಾವುದೂ ಇಲ್ಲ. ಆದರೂ ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯುಇನ್ಫೋ64 ಎಂಬ ಸಾಫ್ಟ್‌ವೇರ್ ಹಾಕಿ, ಅದರ ಸೆನ್ಸರ್ ಪುಟದಲ್ಲಿ ಲಾಗಿಂಗ್ ಶುರು ಮಾಡಿ ಆಡಿ. ಆಫ್ ಆದಮೇಲೆ ಆ ಫೈಲ್‌ನ ಕೊನೆಯ ಸಾಲುಗಳನ್ನು ನೋಡಿ. ಪ್ರೊಸೆಸರ್ 70 ಡಿಗ್ರಿ ಆಸುಪಾಸಿನಲ್ಲಿ, ಕಾರ್ಡ್ ಅದೇ ಮಟ್ಟದಲ್ಲಿ ಇದ್ದಾಗಲೇ ಹೋಗಿದ್ದರೆ ಬಿಸಿಯ ವಿಚಾರ ಬಿಡಿ. ಪ್ರೊಸೆಸರ್ 90 ಮುಟ್ಟಿ ಅಲ್ಲೇ ನಿಂತಿದ್ದರೆ ಧೂಳು ತೆಗೆದು, ಪ್ರೊಸೆಸರ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಬದಲಿಸಿ. ನಿಮ್ಮ ರೈಜನ್ ಕೂರುವ ಎಎಂ4 ಬೋರ್ಡ್‌ನಲ್ಲಿ ಕೂಲರ್ ಅನ್ನು ನೇರ ಮೇಲಕ್ಕೆ ಎಳೆಯಬೇಡಿ. ಸ್ವಲ್ಪ ಹೊತ್ತು ಪಿಸಿ ಓಡಿಸಿ, ಆಫ್ ಮಾಡಿ, ಪೇಸ್ಟ್ ಬೆಚ್ಚಗಿರುವಾಗಲೇ ನಿಧಾನ ತಿರುಚಿ ಬಿಡಿಸಿ. ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ ಸಾಕೆಟ್‌ನಿಂದಲೇ ಕಿತ್ತು ಬರುತ್ತದೆ, ಪಿನ್ ಬಗ್ಗುತ್ತದೆ.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಎಂದು ಕೆಂಪಕ್ಷರ ಕಂಡು ಹೆದರಿದ್ದೀರಿ. ಅದು ಕಾರಣ ಹೇಳುತ್ತಿಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದು ಪಿಸಿ ಮತ್ತೆ ಆನ್ ಆದಮೇಲೆ ಬರೆದುಕೊಂಡ ಸಾಲು ಅಷ್ಟೇ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಇದೆ ಎಂದಿರಲ್ವಾ, ಅದು ನಾನು ಹೇಳಿದ್ದಕ್ಕೆ ಹೊಂದುತ್ತದೆ. ಬ್ಲೂ ಸ್ಕ್ರೀನ್ ದಾಖಲಿಸುವಷ್ಟೂ ಸಮಯ ವಿಂಡೋಸ್‌ಗೆ ಸಿಕ್ಕಿಲ್ಲ.

ಅಲ್ಲೇ 'ಡಬ್ಲ್ಯುಎಚ್‌ಇಎ-ಲಾಗರ್ 18' ಎಂಬ ಹಾರ್ಡ್‌ವೇರ್ ದೋಷದ ಸಾಲು ಕಂಡರೆ, ಜೊತೆಗೆ ಪಿಸಿ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ, ದಾರಿ ಬೇರೆ. ಆಗ ಬಯೋಸ್‌ನಲ್ಲಿ ಓವರ್‌ಕ್ಲಾಕ್, ಪಿಬಿಒ, ರ‍್ಯಾಮ್‌ನ ಎಕ್ಸ್‌ಎಂಪಿ ಹೀಗೆ ವೇಗ ಹೆಚ್ಚಿಸುವ ಸೆಟ್ಟಿಂಗ್ ಎಲ್ಲ ತೆಗೆದು ಡೀಫಾಲ್ಟ್‌ಗೆ ತಂದು ನೋಡಿ. ಇದನ್ನು ಓದುತ್ತಿರುವ ಇಂಟೆಲ್ 13, 14ನೇ ತಲೆಮಾರಿನ ಡೆಸ್ಕ್‌ಟಾಪ್‌ನವರಿಗೂ ಒಂದು ಮಾತು: 2024ರಲ್ಲಿ ಇಂಟೆಲ್ ಆ ಪ್ರೊಸೆಸರ್‌ಗಳ ವೋಲ್ಟೇಜ್ ದೋಷಕ್ಕೆ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿದೆ, ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ.

ಚಿಕ್ಕ ಪುಟ್ಟವು ಎರಡಿವೆ. ಕ್ಯಾಬಿನೆಟ್‌ನ ರೀಸೆಟ್ ಬಟನ್ ಒಳಗೇ ಸಿಕ್ಕಿಕೊಂಡು ತೊಂದರೆ ಕೊಡುವುದುಂಟು, ಅದರ ವೈರನ್ನು ಬೋರ್ಡ್‌ನಿಂದ ಕಿತ್ತು ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದೂ ಬರೆದಿದ್ದೀರಿ. ಅದನ್ನು ಹಗುರವಾಗಿ ತಗೊಳ್ಳಬೇಡಿ. ಮನೆಯ ಅರ್ಥಿಂಗ್ ಸರಿ ಇಲ್ಲ ಎಂಬ ಸೂಚನೆ ಅದು. ಎಲೆಕ್ಟ್ರಿಷಿಯನ್ ಕರೆಸಿ, ಮಲ್ಟಿಮೀಟರ್‌ನಲ್ಲಿ ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಲು ಹೇಳಿ. ಮೊದಲನೆಯದು 230ರ ಹತ್ತಿರ, ಎರಡನೆಯದು ಒಂದೆರಡು ವೋಲ್ಟ್ ಬರಬೇಕು. ಪಿಸಿ ಆಫ್ ಆಗಲಿ ಬಿಡಲಿ, ಇದನ್ನು ಈ ವಾರವೇ ಮಾಡಿಸಿ. ಮನೆಯಲ್ಲಿ ಚಿಕ್ಕ ತಂಗಿ ಇದ್ದಾಳೆ ಎಂದಿದ್ದೀರಿ.

ಮದರ್‌ಬೋರ್ಡ್ ಹಾಳಾಗುವುದೇ ಇಲ್ಲ ಅಂತಲ್ಲ. ಯುಪಿಎಸ್ ಇಲ್ಲದೆ, ಬೇರೆ ಒಳ್ಳೆಯ 650 ವ್ಯಾಟ್ ಎಸ್‌ಎಂಪಿಎಸ್ ಹಾಕಿ, ಬಿಸಿ ಸರಿ ಇದ್ದು, ಕಾರ್ಡನ್ನು ಗೆಳೆಯರ ಪಿಸಿಯಲ್ಲಿ ಓಡಿಸಿದಾಗ ಏನೂ ಆಗದೆ, ನಿಮ್ಮಲ್ಲಿ ಮಾತ್ರ ಆಫ್ ಆಗುತ್ತಿದ್ದರೆ ಆಗ ಬೋರ್ಡ್ ಬಗ್ಗೆ ಮಾತಾಡೋಣ. ಅಂಗಡಿಗೆ ಹೋಗುವುದೇ ಆದರೆ ಬೇರೆ ಎಸ್‌ಎಂಪಿಎಸ್ ಹಾಕಿ ಅರ್ಧ ಗಂಟೆ ನಿಮ್ಮ ಗೇಮನ್ನೇ ಓಡಿಸಿ ತೋರಿಸಿ ಎಂದು ಕೇಳಿ. ಬರೀ ಡೆಸ್ಕ್‌ಟಾಪ್ ತೆರೆದು ತೋರಿಸಿದರೆ ಒಪ್ಪಬೇಡಿ, ಆ ಲೋಡ್‌ನಲ್ಲಿ ನಿಮ್ಮ ಮನೆಯಲ್ಲೂ ಆಫ್ ಆಗುತ್ತಿಲ್ಲ.

ಮೊದಲು ಯುಪಿಎಸ್ ತೆಗೆದು ಆಡಿ ನೋಡಿ. ಎಸ್‌ಎಂಪಿಎಸ್ ಲೇಬಲ್‌ನ ಫೋಟೋ, ಆಫ್ ಆದಾಗ ಮಾನಿಟರ್ ಲೈಟ್ ಏನಾಯಿತು, ಪವರ್ ಲಿಮಿಟ್ ಇಳಿಸಿದಾಗ ಏನಾಯಿತು, ಈ ಮೂರನ್ನು ಇಲ್ಲೇ ಕೆಳಗೆ ಹಾಕಿ. ಮುಂದೇನು ಮಾಡಬೇಕೆಂದು ಹೇಳುತ್ತೇನೆ.