ತುರಿಯುವ ಯಂತ್ರಕ್ಕೆ ಡಿಸೈನ್ ನೋಂದಣಿ ಸಾಕೇ?

ಪೇಟೆಂಟ್ (ವಸ್ತು ಕೆಲಸ ಮಾಡುವ ರೀತಿಯ ಮೇಲಿನ ಹಕ್ಕು) ದುಬಾರಿ, ಡಿಸೈನ್ ನೋಂದಣಿ (ಅದರ ನೋಟದ ಮೇಲಿನ ಹಕ್ಕು) ಅಗ್ಗ ಎನ್ನುತ್ತೀರಿ. ಪುಣೆಯಲ್ಲಿ ನೀವು ಮಾಡಿರುವ ತೆಂಗಿನಕಾಯಿ ತುರಿಯುವ ಯಂತ್ರಕ್ಕೆ ಸದ್ಯ ಡಿಸೈನ್ ಒಂದನ್ನೇ ಮಾಡಿಸಿ ಮಾರಾಟ ಶುರುಮಾಡಲೇ ಎಂದು ಕೇಳಿದ್ದೀರಿ. ಬೇಡ. ಇದೇ ಲೆಕ್ಕ ಹಾಕಿ ಕೈಸುಟ್ಟುಕೊಂಡವನು ನಾನು.

ಮುಂಬಯಿ ಬಳಿಯ ವಸಯಿಯಲ್ಲಿ ನನ್ನದು ಸ್ಟೀಲ್ ಫ್ಯಾಬ್ರಿಕೇಶನ್ ಕೆಲಸ. ಹೋಟೆಲುಗಳ ಅಡುಗೆಮನೆಗೆ ಸ್ಟೀಮರ್, ಸಿಂಕ್, ಕೌಂಟರ್ ಮಾಡಿಕೊಡುತ್ತೇವೆ. ಗಿರಾಕಿಗಳಲ್ಲಿ ಹೆಚ್ಚಿನವರು ನಮ್ಮ ಕುಂದಾಪುರ, ಉಡುಪಿ ಕಡೆಯವರೇ. ಎಲ್ಲರದೂ ಒಂದೇ ದೂರು: ಸ್ಟೀಮರಿನ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಮೇಲಿನ ತಟ್ಟೆಯ ಇಡ್ಲಿ ನೆನೆದುಹೋಗುತ್ತದೆ. ನಾನು ಮುಚ್ಚಳಕ್ಕೆ ಇಳಿಜಾರು ಕೊಟ್ಟು, ಅದರ ಮೇಲೆ ಏಣುಗಳನ್ನು ಒತ್ತಿಸಿ, ನೀರು ಆ ಏಣುಗಳ ಗುಂಟ ಅಂಚಿನ ಕಾಲುವೆಗೆ ಇಳಿದು ಕೆಳಗಿನ ತೊಟ್ಟಿಗೇ ಮರಳುವಂತೆ ಮಾಡಿದೆ. ಹೊರಗಿನಿಂದ ಆ ಏಣುಗಳು ಕಮಲದ ದಳಗಳಂತೆ ಕಾಣುತ್ತಿದ್ದವು. ಮಾಟುಂಗಾದ ಒಂದು ಹೋಟೆಲಿನಲ್ಲಿ ಮೊದಲ ಸಲ ಬೇಯಿಸಿದ ಭಟ್ಟರು ಮೇಲಿನ ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಗಲ್ಲಾದ ಬಳಿ ಹೋಗಿ ಮಾಲೀಕರಿಗೆ ತೋರಿಸಿದರು. ಆರ್ಡರುಗಳು ಬರತೊಡಗಿದವು. ನಾನು ಡಿಸೈನ್ ನೋಂದಣಿ ಮಾಡಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ.

ತಪ್ಪಾದದ್ದು ಇಲ್ಲೇ. ನೀವು ಈಗ ನಿಂತಿರುವುದೂ ಇಲ್ಲೇ ಆದ್ದರಿಂದ ಬಿಡಿಸಿ ಹೇಳುತ್ತೇನೆ. 2000ದ ವಿನ್ಯಾಸ ಕಾಯ್ದೆ ಕಾಯುವುದು ಕಣ್ಣಿಗೆ ಕಾಣುವುದನ್ನು ಮಾತ್ರ: ಆಕಾರ, ರೇಖೆ, ಅಲಂಕಾರ, ಬಣ್ಣಗಳ ಜೋಡಣೆ. ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅದರ ವ್ಯಾಖ್ಯೆಯೇ ಹೊರಗಿಟ್ಟಿದೆ. ಅಷ್ಟೇ ಅಲ್ಲ, ಅರ್ಜಿಯ ಜೊತೆ ಕೊಟ್ಟ ಚಿತ್ರಗಳ ಹಾಳೆಯಲ್ಲಿ, ಯಾಂತ್ರಿಕ ಕಾರ್ಯದ ಮೇಲೆ ಯಾವ ಹಕ್ಕನ್ನೂ ಕೇಳುತ್ತಿಲ್ಲ ಎಂಬ ಸಾಲು ಸ್ಪಷ್ಟವಾಗಿಯೇ ಇತ್ತು. ಅದರ ಕೆಳಗೆ ನನ್ನ ಸಹಿ. ಇಡ್ಲಿಗೆ ನೀರು ಬೀಳದಂತೆ ತಡೆದ ಕಾಲುವೆಯೇ ನನ್ನ ನಿಜವಾದ ಆಸ್ತಿ. ಅದನ್ನು ಬಿಟ್ಟುಕೊಟ್ಟೆ ಎಂದು ನಾನೇ ಬರೆದುಕೊಟ್ಟು, ಕಮಲದ ದಳಗಳನ್ನು ಉಳಿಸಿಕೊಂಡಿದ್ದೆ.

ಮರು ವರ್ಷ ಇನ್ನೊಬ್ಬ ತಯಾರಕರ ಸ್ಟೀಮರ್ ಬಂತು. ಮುಚ್ಚಳ ಹೊರಗೆ ನುಣುಪು, ಒಂದು ದಳವೂ ಇಲ್ಲ. ಒಳಗೆ ತಿರುಗಿಸಿ ನೋಡಿದರೆ ಅದೇ ಇಳಿಜಾರು, ಅದೇ ಕಾಲುವೆ. ಎರಡೂ ಮುಚ್ಚಳಗಳನ್ನು ವಕೀಲರ ಮೇಜಿನ ಮೇಲಿಟ್ಟೆ. ನೋಟ ಬೇರೆಯಾದ ಮೇಲೆ ಡಿಸೈನ್ ಹಕ್ಕು ಉಲ್ಲಂಘನೆಯಾಗುವುದಿಲ್ಲ ಎಂದರು. ಹಾಗಾದರೆ ಈಗ ಪೇಟೆಂಟ್ ಹಾಕೋಣ ಎಂದೆ. ಅದಕ್ಕೂ ದಾರಿ ಇರಲಿಲ್ಲ. ಪೇಟೆಂಟಿಗೆ ಅರ್ಜಿಯ ದಿನದಂದು ವಿಷಯ ಹೊಸದಾಗಿರಬೇಕು. ನಾನೇ ಮಾರಿದ ಸ್ಟೀಮರುಗಳು ಅದನ್ನು ಹಳತಾಗಿಸಿದ್ದವು. ಸರ್ಕಾರ ಅಧಿಸೂಚಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ 12 ತಿಂಗಳ ಅವಕಾಶವಿದೆ. ಅಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮೊದಲು ಮಾರಿ ಆಮೇಲೆ ಅರ್ಜಿ ಹಾಕುವವರಿಗೆ ನಮ್ಮ ಕಾನೂನಿನಲ್ಲಿ ಜಾಗವಿಲ್ಲ.

ಈಗ ನಿಮ್ಮ ಯಂತ್ರ. ಸ್ಪ್ರಿಂಗ್ ಬ್ಲೇಡ್ ಚಿಪ್ಪಿನ ಒಳಮೈಗೆ ತಾನಾಗಿ ಹೊಂದಿಕೊಳ್ಳುತ್ತದೆ ಎಂದಿದ್ದೀರಿ. ನಾಳೆ ಯಾರೋ ಬೇರೆ ಬಣ್ಣದ, ಬೇರೆ ಆಕಾರದ ಡಬ್ಬಿಯಲ್ಲಿ ಅದೇ ಸ್ಪ್ರಿಂಗ್ ಕೂರಿಸಿದರೆ ನಿಮ್ಮ ವ್ಯಾಪಾರ ಹೋಗುತ್ತದೆಯೇ? ಹೋಗುತ್ತದೆ ಎಂದಾದರೆ ಪೇಟೆಂಟೇ ಮೊದಲು. ಪೇಟೆಂಟೋ ಡಿಸೈನೋ ಎಂದು ಒಂದನ್ನು ಆರಿಸಬೇಕು ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಎರಡನ್ನೂ ಹಾಕಬಹುದು. ಒಂದೇ ದಿನ ಹಾಕಿ, ಮಾರಾಟಕ್ಕೆ ಮುಂಚೆ ಹಾಕಿ. ಡಿಸೈನಿಗೂ ಹೊಸತನ ಬೇಕು ಎಂಬುದನ್ನು ಮರೆಯಬೇಡಿ.

ದುಬಾರಿ ಎಂಬುದೂ ಅರ್ಧ ಸತ್ಯ. ವ್ಯಕ್ತಿಯೊಬ್ಬರು ಆನ್‌ಲೈನಿನಲ್ಲಿ ಪೇಟೆಂಟ್ ಅರ್ಜಿ ಹಾಕಲು ಸರ್ಕಾರಿ ಶುಲ್ಕ 1,600 ರೂಪಾಯಿ, ಡಿಸೈನಿಗೆ 1,000. ಖರ್ಚು ಬೆಳೆಯುವುದು ಅರ್ಜಿಯನ್ನು ಪರೀಕ್ಷಿಸುವಂತೆ ಪೇಟೆಂಟ್ ಕಚೇರಿಯನ್ನು ಕೋರುವಾಗ (ಅದಕ್ಕೆ 4,000) ಮತ್ತು ಕರಡು ಬರೆಯುವವರ ಶುಲ್ಕದಲ್ಲಿ. ಮೊದಲು ಯಂತ್ರದ ತಾತ್ಕಾಲಿಕ ವಿವರಣೆ ಕೊಟ್ಟು ಅರ್ಜಿಯ ದಿನಾಂಕ ಹಿಡಿದಿಟ್ಟುಕೊಳ್ಳಿ, ಪೂರ್ಣ ವಿವರಣೆಗೆ 12 ತಿಂಗಳ ಸಮಯವಿದೆ. ಆದರೆ ತಾತ್ಕಾಲಿಕ ಎಂದು ನಾಲ್ಕು ಸಾಲು ಗೀಚಬೇಡಿ. ಸ್ಪ್ರಿಂಗ್ ಎಲ್ಲಿ ಒತ್ತುತ್ತದೆ, ಬ್ಲೇಡಿನ ಕೋನ ಹೇಗೆ ಬದಲಾಗುತ್ತದೆ ಎಂಬುದೆಲ್ಲ ಅದರಲ್ಲಿರಲಿ. ಬರೆಯದೆ ಬಿಟ್ಟದ್ದಕ್ಕೆ ಆ ದಿನಾಂಕ ಸಿಗುವುದಿಲ್ಲ. ಪುಣೆಯವರಾದ್ದರಿಂದ ನಿಮ್ಮ ಪೇಟೆಂಟ್ ಕಚೇರಿ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿದೆ. ಡಿಸೈನ್ ಅರ್ಜಿಯ ಪರೀಕ್ಷೆ ಕೋಲ್ಕತ್ತಾದಲ್ಲಿ ನಡೆಯುತ್ತದೆ.

ಪೇಟೆಂಟ್ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಗೊತ್ತಿರುವ ಭಾಗಗಳನ್ನು ಬರಿದೇ ಜೋಡಿಸಿಟ್ಟರೆ ಅದು ಆವಿಷ್ಕಾರವಲ್ಲ ಎಂದು ಪೇಟೆಂಟ್ ಕಾಯ್ದೆಯ 3ನೇ ಕಲಮೇ ಹೇಳುತ್ತದೆ. ಹಳೆಯ ಪೇಟೆಂಟುಗಳನ್ನು ಮೊದಲು ಹುಡುಕಿಸಿ. ಸ್ಪ್ರಿಂಗ್ ವಿಷಯ ಆಗಲೇ ಯಾರದೋ ಪೇಟೆಂಟಿನಲ್ಲಿದ್ದರೆ ಆಗ ಡಿಸೈನ್ ಮಾತ್ರ ಮಾಡಿಸಿ. 10 ವರ್ಷ, ಮೇಲೆ 5 ವರ್ಷ ವಿಸ್ತರಣೆ ಸಿಗುತ್ತದೆ. ಆದರೆ ಅದು ಕಾಯುವುದು ಡಬ್ಬಿಯ ಅಂದವನ್ನಷ್ಟೇ ಎಂದು ತಿಳಿದು ಮಾಡಿಸಿ.

ಡೈ (ಅಚ್ಚು) ಮಾಡುವವರಿಗೆ ನಕ್ಷೆ ಕೊಡುವ ಮುನ್ನ ಗೋಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಳ್ಳಿ. ಯೂಟ್ಯೂಬಿಗೆ ಹಾಕಲು ವಿಡಿಯೋ ಸಿದ್ಧವಾಗಿದೆ ಎಂದೂ ಬರೆದಿದ್ದೀರಿ. ಎರಡೂ ಅರ್ಜಿಗಳ ಸಂಖ್ಯೆ ಕೈಗೆ ಬರುವ ತನಕ ಅದು ನಿಮ್ಮ ಮೊಬೈಲಿನಲ್ಲೇ ಇರಲಿ.