ಮೀನು ತಾನೇ ಸಿಕ್ಕಿಕೊಂಡರೆ ಗಾಳ ಹಾಕಿದವರ ಜಾಣ್ಮೆ ಏನು ಉಳಿಯಿತು?

ಇಂಗ್ಲೆಂಡಿಗೆ ಬಂದು ಗಾಳ ಹಿಡಿದಿದ್ದೀರಿ, ಅಂಗಡಿಯವರು ಕೊಟ್ಟ, ಕೊಕ್ಕೆ ದಾರ ತೂಕ ಸೇರಿಸಿ ಕಟ್ಟಿದ ಬೋಲ್ಟ್ ರಿಗ್‌ನಲ್ಲಿ ಕಾರ್ಪ್ ಮೀನು ತಾನೇ ಸಿಕ್ಕಿಕೊಳ್ಳುತ್ತಿದೆ, ಹಾಗಾದರೆ ಇದರಲ್ಲಿ ನನ್ನದೇನು ಎಂದು ಕೇಳಿದ್ದೀರಿ. ಇಲ್ಲಿಯ ರೆಡಿಂಗ್ ಪಟ್ಟಣದ ಸುತ್ತಲಿನ ಕೆರೆಗಳ ದಡದಲ್ಲಿ ಹನ್ನೊಂದು ವರ್ಷ ಕೂತ ಅನುಭವದಿಂದ ಹೇಳುತ್ತೇನೆ: ರಿಗ್ ಮಾಡುವುದು ಕೊಕ್ಕೆ ನಾಟಿಸುವ ಕೆಲಸ ಒಂದನ್ನೇ. ಮೀನು ಎಲ್ಲಿದೆ ಎಂದು ಕಂಡುಹಿಡಿಯುವುದು ನಿಮ್ಮ ಪಾಲಿಗೇ ಬಿಟ್ಟಿದೆ. ಆದರೂ ಒಂದು ವರ್ಷವಾದರೂ ದಾರಕ್ಕೆ ತೇಲುವ ಬೆಂಡು ಕಟ್ಟಿ ಮೀನು ಹಿಡಿಯಿರಿ ಎಂದೇ ನನ್ನ ಸಲಹೆ. ಯಾಕೆಂದು ಮುಂದೆ ಬರೆದಿದ್ದೇನೆ.

ಮೊದಲು ಈ ರಿಗ್ ಹುಟ್ಟಿದ್ದು ಹೇಗೆ ನೋಡಿ. ಕಾರ್ಪ್ ಮೀನು ಎರೆಯನ್ನು ಬಾಯೊಳಗೆ ಹೀರಿ, ಅನುಮಾನ ಬಂದರೆ ಕ್ಷಣದಲ್ಲಿ ಉಗುಳುತ್ತದೆ. ಇಂಗ್ಲೆಂಡಿನ ಗಾಳಗಾರರಾದ ಲೆನ್ನಿ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಇದನ್ನು ತೊಟ್ಟಿಯಲ್ಲಿ ಬಿಟ್ಟ ಮೀನುಗಳನ್ನು ಗಮನಿಸಿ ತಿಳಿದುಕೊಂಡರು. ಎರೆಯನ್ನು ಕೊಕ್ಕೆಗೆ ಚುಚ್ಚದೆ, ಕೊಕ್ಕೆಯಿಂದ ಇಳಿಬಿಟ್ಟ ಕೂದಲಿಗೆ ಕಟ್ಟಿದರು. ಶುರುವಿನಲ್ಲಿ ನಿಜವಾದ ತಲೆಗೂದಲೇ. ಹೇರ್ ರಿಗ್ ಎಂಬ ಹೆಸರು ಬಂದದ್ದು ಅದರಿಂದ. ಎರೆ ಸಡಿಲವಾಗಿ ಬಾಯೊಳಗೆ ಹೋಗುತ್ತದೆ, ಬರಿಯ ಕೊಕ್ಕೆ ಹಿಂದೆಯೇ ಹೋಗುತ್ತದೆ, ಉಗುಳುವಾಗ ತುಟಿಗೆ ತಾಗುತ್ತದೆ. ಇದಕ್ಕೆ ಭಾರದ ತೂಕ ಸೇರಿಸಿದ್ದೇ ನಿಮ್ಮ ಬೋಲ್ಟ್ ರಿಗ್: ಬೆದರಿ ಓಡಿದ ಮೀನನ್ನು ಎರಡು ಮೂರು ಔನ್ಸಿನ ತೂಕ ಹಿಡಿದು ಜಗ್ಗುತ್ತದೆ, ಕೊಕ್ಕೆ ನಾಟುತ್ತದೆ. ಮೀನು ದಾರ ಎಳೆದರೆ ಸದ್ದು ಮಾಡುವ ಅಲಾರಂ ಕೂಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ನಿಜ.

ಈಗ ನನ್ನ ಕಥೆ ಕೇಳಿ. ಇಲ್ಲಿಯ ಕೆರೆಗಳಲ್ಲಿ ಬಹಳಷ್ಟು ಜಲ್ಲಿ ತೆಗೆದ ಹಳೆಯ ಹೊಂಡಗಳು. ತಳ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಜಲ್ಲಿ ದಿಬ್ಬ, ಪಕ್ಕದಲ್ಲೇ ಮೊಣಕಾಲುದ್ದ ಕೆಸರು. ಒಂದು ಜೂನ್ ಬೆಳಗ್ಗೆ ನಾನೂ ಪಕ್ಕದಲ್ಲಿ ಕೂತವರೂ ಒಂದೇ ರಿಗ್, ಒಂದೇ ಎರೆ ಹಾಕಿದ್ದೆವು. ಹತ್ತು ಗಂಟೆಯೊಳಗೆ ಅವರಿಗೆ ನಾಲ್ಕು ಟೆಂಚ್ ಮೀನು, ನನಗೆ ಒಂದೂ ಇಲ್ಲ. ಹೋಗಿ ಕೇಳಿದೆ. ಅವರು ತಮ್ಮ ರಾಡನ್ನು ನನ್ನ ಕೈಗೆ ಕೊಟ್ಟು ಎಸೆಯಲು ಹೇಳಿದರು. ತೂಕ ತಳ ಮುಟ್ಟಿದಾಗ ದಾರದಲ್ಲಿ ‘ಟಕ್’ ಎಂದು ಬಡಿದದ್ದು ಬೆರಳಿಗೆ ತಿಳಿಯಿತು. ಅದು ಜಲ್ಲಿ. ನಾನು ಎಸೆಯುತ್ತಿದ್ದ ಕಡೆ ಆ ಬಡಿತವೇ ಇಲ್ಲ, ತೂಕ ಮೆತ್ತಗೆ ಹೂತುಹೋಗುತ್ತಿತ್ತು, ಜೊತೆಗೆ ಎರೆಯೂ ಕೆಸರಿನೊಳಗೆ. ಬೆಳಗಿನಿಂದ ಮೀನಿಗೆ ಕಾಣದ ಎರೆಯನ್ನು ಕಾಯುತ್ತಾ ಕೂತಿದ್ದೆ! ತಾನೇ ಸಿಕ್ಕಿಸುವ ರಿಗ್ ಎರಡೂ ಕಡೆ ಇತ್ತು, ತಳದ ತಿಳಿವಳಿಕೆ ಒಂದೇ ಕಡೆ.

ಹಾಗಾದರೆ ಬೆಂಡು ಯಾಕೆ? ಹಾವೇರಿ ಕಡೆಯ ನಮ್ಮೂರ ಕೆರೆಯಲ್ಲಿ ನಾವು ಜೋಳದ ದಂಟಿನ ಬೆಂಡು ಕಟ್ಟುತ್ತಿದ್ದೆವು. ಇಲ್ಲಿಯ ಹಳಬರು ನವಿಲುಗರಿಯ ಕಡ್ಡಿ ಬಳಸುತ್ತಿದ್ದರು. ಯಾವುದಾದರೂ ಸರಿ, ನೀರಿನ ಕೆಳಗೆ ಏನಾಗುತ್ತಿದೆ ಎಂದು ಬೆಂಡು ಹೇಳುತ್ತಲೇ ಇರುತ್ತದೆ. ಟೆಂಚ್‌ಗೆ ಕೊಕ್ಕೆಯಿಂದ ಎರಡು ಮೂರು ಅಂಗುಲ ದೂರದಲ್ಲಿ ತೂಕಕ್ಕೆಂದು ಒಂದು ಪುಟ್ಟ ಗುಂಡು ಕಟ್ಟಿ ತಳಕ್ಕೆ ತಾಗಿಸಿ. ಮೀನು ಎರೆ ಎತ್ತಿದಾಗ ಗುಂಡೂ ಮೇಲೇಳುತ್ತದೆ. ಬೆಂಡು ಮುಳುಗುವ ಬದಲು ಎದ್ದು ಅಡ್ಡ ಮಲಗುತ್ತದೆ. ಬ್ರೀಮ್ ಮೀನಿನ ಹಿಂಡು ದಾರಕ್ಕೆ ಮೈ ತಾಗಿಸಿಕೊಂಡು ಹೋದರೆ ಬೆಂಡು ಸುಮ್ಮನೆ ಜಾರಿ ಮತ್ತೆ ನಿಲ್ಲುತ್ತದೆ, ಆಗ ಜಗ್ಗಬಾರದು. ಇದೆಲ್ಲ ಕಣ್ಣಿಗೆ ಬಿದ್ದೇ ತಿಳಿಯಬೇಕು. ಅಲಾರಂ ಎದುರು ಕೂತವರಿಗೆ ಸಿಗುವುದು ಬರೀ ಸದ್ದು.

ಮೀನಿನ ಕಡೆಯಿಂದಲೂ ಯೋಚಿಸಿ, ಏಕೆಂದರೆ ಇಲ್ಲಿ ಹಿಡಿದ ಮೀನನ್ನು ಹೆಚ್ಚಾಗಿ ನೀರಿಗೇ ಬಿಡುತ್ತೇವೆ. ದೊಡ್ಡ ಕಾರ್ಪ್‌ಗೆ ಬೋಲ್ಟ್ ರಿಗ್ ಒಳ್ಳೆಯದೇ. ಕೊಕ್ಕೆ ಗಂಟಲಿಗೆ ಇಳಿಯುವುದು ಅಪರೂಪ. ಪುಟ್ಟ ರೋಚ್ ಮೀನಿಗೆ ಅದು ಅನ್ಯಾಯ. ಆ ಭಾರವನ್ನು ಅಲುಗಾಡಿಸುವ ಶಕ್ತಿ ಅದಕ್ಕಿಲ್ಲ, ಅಲಾರಂ ಕೂಗುವುದಿಲ್ಲ, ಗಂಟೆಗಟ್ಟಲೆ ಕೊಕ್ಕೆಗೆ ನೇತಾಡಿಕೊಂಡಿರುತ್ತದೆ. ಒಮ್ಮೆ ಅಂಥದ್ದನ್ನು ಎಳೆದು ತೆಗೆದ ದಿನ ನನಗೆ ಊಟ ಸೇರಲಿಲ್ಲ. ನೀವು ಕಾರ್ಪ್‌ಗೆ ಹಾಕುವಾಗಲೂ ಒಂದನ್ನು ತಪ್ಪದೆ ನೋಡಿ: ದಾರ ಕಡಿದರೆ ತೂಕ ತಾನಾಗಿ ಕಳಚಿಕೊಳ್ಳಬೇಕು. ಇಲ್ಲದಿದ್ದರೆ ಮೀನು ಅದನ್ನು ಎಳೆದಾಡುತ್ತಾ ಗಿಡದ ಬೇರಿಗೆ ಸಿಕ್ಕಿ ಸಾಯಬಹುದು. ರಾಡ್ ನೀರಲ್ಲಿ ಬಿಟ್ಟು ಎದ್ದು ಹೋಗುವುದಂತೂ ಇಲ್ಲಿ ಕಾನೂನಿಗೇ ವಿರುದ್ಧ.

ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಈ ಮೀನುಗಳನ್ನು ಹಿಡಿಯುವಂತಿಲ್ಲ. ಜೂನ್ 16ರ ನಂತರ ಒಂದು ದಿನ ಕೆನೆಟ್ ನದಿಗೆ ಹೋಗಿ. ಬೆಂಡನ್ನು ಹರಿವಿನ ಜೊತೆ ತೇಲಿಬಿಡಿ, ಆಗಾಗ ನಾಲ್ಕು ಹುಳು ಎರಚಿ. ಎರೆ ಹರಿವಿಗಿಂತ ಮುಂದೆ ಹೋಗಬಾರದು, ತೀರಾ ಹಿಂದೆಯೂ ಬೀಳಬಾರದು. ಮೊದಲ ದಿನ ಹತ್ತು ಸಲ ಬೆಂಡು ಮುಳುಗಿದರೆ ಎರಡು ಮೀನು ಸಿಗಬಹುದು. ಉಳಿದ ಎಂಟು ಸಲ ಯಾಕೆ ತಪ್ಪಿತು ಎಂದು ಬರೆದಿಟ್ಟುಕೊಳ್ಳಿ, ಬೇಕಾದರೆ ಇಲ್ಲೇ ಕೇಳಿ, ತಿಳಿದಷ್ಟು ಹೇಳುತ್ತೇನೆ.