ಎಲ್‌ಎಂ35 ತಾಪಮಾನ ಸೆನ್ಸರಿನ ರೀಡಿಂಗ್ ಒಂದೆಡೆ ನಿಲ್ಲುತ್ತಲೇ ಇಲ್ಲ. ಮೂವಿಂಗ್ ಆವರೇಜ್ (ಕೊನೆಯ ಕೆಲವು ರೀಡಿಂಗುಗಳ ಸರಾಸರಿ) ಸಾಕಾ, ಕಾಲ್ಮನ್ (ಮುಂದಿನ ಬೆಲೆ ಅಂದಾಜು ಮಾಡುತ್ತಾ ನಾಯ್ಸ್ ತಗ್ಗಿಸುವ ಫಿಲ್ಟರ್) ಬೇಕಾ? ನಾಯ್ಸ್ ಪೂರ್ತಿ ತೆಗೆಯೋದು ಹೇಗೆ? ಅಂತ ಕೇಳಿದ್ದೀರಿ.
ನಿಮ್ಮದು ಆರ್ಡುಯಿನೊ ಯುನೊ ಬೋರ್ಡ್, ಮೂರು ಮೀಟರ್ ವೈರು, ಲೂಪಿನಲ್ಲಿ ಡಿಲೇ 20 (ಪ್ರತಿ ರೀಡಿಂಗ್ ನಡುವೆ 20 ಮಿಲಿಸೆಕೆಂಡ್ ಕಾಯುವುದು). ನನ್ನದೂ ಇದೇ ಸೆಟಪ್ ಆಗಿತ್ತು. 4 ಸೆಕೆಂಡಿಗೊಮ್ಮೆ ಏರಿಳಿಯುತ್ತಿದ್ದ ಅಲೆಯನ್ನು ಹೀಟರಿನದು ಅಂತ ನಂಬಿ ಗ್ರಾಫ್ ಹಾಕಿದ್ದೆ. ಅದು ಕರೆಂಟಿನ 50 ಹರ್ಟ್ಸ್ ಹಮ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ ಮನೆ ಕರೆಂಟು (ಮೇನ್ಸ್) ಸೆನ್ಸರ್ ವೈರಿನಲ್ಲಿ ಎಬ್ಬಿಸುವ ನಾಯ್ಸ್.

ತಪ್ಪಿದ್ದದ್ದು ಆ 20ರಲ್ಲಿ. ಮೇನ್ಸಿನ ಒಂದು ಸುತ್ತಿಗೆ ಹಿಡಿಯುವುದೂ 20 ಮಿಲಿಸೆಕೆಂಡೇ. ಡಿಲೇ 20, ಅನಲಾಗ್ ರೀಡ್‌ಗೆ ಸುಮಾರು 0.1, ಒಟ್ಟು 20.1. ಹಾಗಾಗಿ ಪ್ರತಿ ರೀಡಿಂಗೂ ಹಮ್ಮಿನ ಅಲೆಯ ಮೇಲೆ ಹಿಂದಿನದಕ್ಕಿಂತ 0.1 ಮಿಲಿಸೆಕೆಂಡ್ ಮುಂದೆ ಬೀಳುತ್ತದೆ. 200 ರೀಡಿಂಗ್ ಆಗುವಷ್ಟರಲ್ಲಿ ಅಲೆಯ ಒಂದು ಸುತ್ತು ಪೂರ್ತಿ. ಅದಕ್ಕೆ ಹಿಡಿಯುವ ಕಾಲ 4.02 ಸೆಕೆಂಡ್. ಸೆಕೆಂಡಿಗೆ 50 ಸಲ ಕುಣಿಯುವ ಹಮ್ ತಾಪಮಾನದ ಹಾಗೆ ನಿಧಾನ ವೇಷ ಹಾಕಿ ಬರುತ್ತದೆ. ಇದೇ ಏಲಿಯಾಸಿಂಗ್. 10 ರೀಡಿಂಗಿನ ಮೂವಿಂಗ್ ಆವರೇಜ್ ಅಂದರೆ 0.2 ಸೆಕೆಂಡ್ ಅಷ್ಟೇ, 4 ಸೆಕೆಂಡಿನ ಅಲೆಗೆ ಅದು ಏನೂ ಮಾಡುವುದಿಲ್ಲ. ಕಾಲ್ಮನ್‌ಗೂ ಅದು ನಿಜವಾದ ತಾಪಮಾನದಂತೆಯೇ ಕಾಣುತ್ತದೆ.

ಆದ್ದರಿಂದ ಫಿಲ್ಟರ್ ಆಯ್ಕೆ ಬಿಡಿ, ಮೊದಲು ಟೈಮಿಂಗ್ ಸರಿಮಾಡಿ. ಮೈಕ್ರೋಸ್ (ಮೈಕ್ರೋಸೆಕೆಂಡ್ ಎಣಿಸುವ ಆರ್ಡುಯಿನೊ ಫಂಕ್ಷನ್) ನೋಡಿಕೊಂಡು ಸರಿಯಾಗಿ 1 ಮಿಲಿಸೆಕೆಂಡಿಗೊಂದರಂತೆ 20 ರೀಡಿಂಗ್ ತೆಗೆದು ಸರಾಸರಿ ಮಾಡಿ. ಇಡೀ ಸುತ್ತು ಸಿಕ್ಕಿತು, ಏರಿದ್ದು ಇಳಿದದ್ದು ವಜಾ ಆಗಿ ಹಮ್ ಸೊನ್ನೆಗೆ ಬರುತ್ತದೆ. (60 ಹರ್ಟ್ಸ್ ಇರುವ ಅಮೆರಿಕದಲ್ಲಿದ್ದರೆ 100 ರೀಡಿಂಗ್ ತೆಗೆಯಿರಿ. 100 ಮಿಲಿಸೆಕೆಂಡಿನಲ್ಲಿ 50ರ ಐದು ಸುತ್ತು, 60ರ ಆರು ಸುತ್ತು ಎರಡೂ ಪೂರ್ತಿ ಕೂರುತ್ತವೆ.) ಹಮ್ ಜೋರಾಗಿದ್ದರೆ ಸೆನ್ಸರ್ ವೈರನ್ನು ಗ್ರೌಂಡ್ ವೈರಿನ ಜೊತೆ ಹೆಣೆಯಿರಿ. ಅನಲಾಗ್ ಪಿನ್ನಿಗೆ 10 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ, ಪಿನ್ನಿನ ಪಕ್ಕದಲ್ಲೇ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಕಟಾಫ್ (ಇದಕ್ಕಿಂತ ವೇಗದ ಅಲೆಗಳು ತಗ್ಗುವ ಮಿತಿ) 1.6 ಹರ್ಟ್ಸ್, ಹಮ್ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ನಾಯ್ಸ್ ಪೂರ್ತಿ ತೆಗೆಯಬೇಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 5 ವೋಲ್ಟಿಗೆ 10 ಬಿಟ್ (1024 ಮೆಟ್ಟಿಲು) ಅಂದರೆ ಒಂದು ಮೆಟ್ಟಿಲು 4.9 ಮಿಲಿವೋಲ್ಟ್, ಎಲ್‌ಎಂ35ಗೆ ಅದು ಅರ್ಧ ಡಿಗ್ರಿ. ನಾಯ್ಸೇ ಇಲ್ಲದಿದ್ದರೆ ಸಾವಿರ ರೀಡಿಂಗ್ ತೆಗೆದರೂ ಅದೇ ಒಂದು ಅಂಕಿ. ಒಂದು ಮೆಟ್ಟಿಲಿನಷ್ಟು ಯಾದೃಚ್ಛಿಕ ನಾಯ್ಸ್ ಇದ್ದರೆ ರೀಡಿಂಗ್ ಅಕ್ಕಪಕ್ಕದ ಮೆಟ್ಟಿಲಿಗೆ ಹಾರುತ್ತಿರುತ್ತದೆ, 16ರ ಸರಾಸರಿಯಲ್ಲಿ ಎರಡು ಬಿಟ್ ಹೆಚ್ಚಿಗೆ ಸಿಗುತ್ತದೆ.

ಏನೇ ಬದಲಿಸುವ ಮೊದಲು ಡಿಲೇ 23 ಮಾಡಿ ನೋಡಿ. ನಿಧಾನದ ಅಲೆ ಹೋಗಿ ಬರೀ ನಡುಕ ಕಂಡರೆ ನಿಮ್ಮದೂ ಹಮ್ಮೇ. ಅಲೆ ಹಾಗೇ ಉಳಿದರೆ ಹೀಟರ್ ಕಡೆ ನೋಡಿ.